ರೆಕ್ಕೆ ಬಾಗಿತೇ, ನಿಯಮ ಬಾಗಿತೇ?

ಕೋಲಾರದ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರಿಗೆ ಈ ಪ್ರಯೋಗ ಗೊತ್ತಿರುತ್ತದೆ. ಅಳತೆಪಟ್ಟಿಯ ಒಂದು ತುದಿಯನ್ನು ಮೇಜಿಗೆ ಬಿಗಿದು, ಇನ್ನೊಂದು ತುದಿಗೆ ತೂಕ ನೇತುಹಾಕುತ್ತ, ಅದು ಎಷ್ಟು ಮಿಲಿಮೀಟರ್ ಬಾಗಿತೆಂದು ಬರೆದುಕೊಂಡು, ವಸ್ತು ಎಷ್ಟು ಗಡಸು ಎಂದು ಹೇಳುವ ಯಂಗ್ ಗುಣಾಂಕವನ್ನು ಲೆಕ್ಕ ಹಾಕುವುದು. ರೆಕಾರ್ಡ್ ಪುಸ್ತಕಕ್ಕೆ ಸಹಿ ಬಿದ್ದ ಮೇಲೆ ಯಾರೂ ನೆನಪಿಟ್ಟುಕೊಳ್ಳದ ಪ್ರಯೋಗ ಅದು. ಫಾರ್ಮುಲಾ ಒನ್ ಓಟದ ಕಾರುಗಳ ರೆಕ್ಕೆಯನ್ನು ಪರೀಕ್ಷಿಸುವಾಗ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎ ಅಧಿಕಾರಿಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರಲ್ಲಿ ಈ ಓಟವನ್ನು ನೋಡುವವರಿದ್ದಾರೆ. ಒಂದೇ ತಂಡ ಗೆಲ್ಲುತ್ತ ಹೋದರೆ ಸೋಮವಾರದ ಚಹಾದ ಹೊತ್ತಿಗೆ ಅವರ ತೀರ್ಪು ಸಿದ್ಧವಾಗಿರುತ್ತದೆ: ಏನೋ ಮಸಲತ್ತು ನಡೆದಿದೆ. 2023ರಲ್ಲಿ ರೆಡ್ ಬುಲ್ 22 ಸ್ಪರ್ಧೆಗಳಲ್ಲಿ 21 ಗೆದ್ದಿತು. ಆ ಬಳಿಕ ಮೆಕ್ಲಾರೆನ್ ಸರದಿ; ಅದರ ರೆಕ್ಕೆ ನಿಯಮ ಮೀರಿ ಬಾಗುತ್ತದೆ ಎಂಬ ಗುಮಾನಿ. ಗೆದ್ದವರ ಮೇಲೆ ಕಣ್ಣು ಬೀಳುವುದು ಸಹಜ. ಅಂಥ ಸಂಶಯವನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಪರೀಕ್ಷೆಗೆ ಒಡ್ಡಬಹುದು.

ಮೊದಲು ರೆಕ್ಕೆ ಯಾಕೆ ಬಾಗಬೇಕು ಎಂಬುದನ್ನು ನೋಡೋಣ. ಕಾರಿನ ಮುಂದೆಯೂ ಹಿಂದೆಯೂ ಇರುವ ಈ ರೆಕ್ಕೆಗಳ ಮೂಲಕ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 150 ಕಿಲೋಮೀಟರ್ ಇದ್ದ ವೇಗ 300ಕ್ಕೆ ಏರಿದರೆ ಬಲ ನಾಲ್ಕು ಪಟ್ಟಾಗುತ್ತದೆ. ನಿಧಾನದ ತಿರುವಿನಲ್ಲಿ ಮುಂಚಕ್ರಗಳಿಗೆ ಈ ಒತ್ತಡ ಬೇಕೇ ಬೇಕು, ಇಲ್ಲದಿದ್ದರೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದು. ಆದರೆ ಅದೇ ರೆಕ್ಕೆ ವೇಗದ ತಿರುವಿನಲ್ಲಿ ಮುಂಭಾಗವನ್ನು ಅತಿಯಾಗಿ ಒತ್ತಿದರೆ ಹಿಂಭಾಗ ಜಾರತೊಡಗುತ್ತದೆ. ವೇಗ ಏರಿದಂತೆ ರೆಕ್ಕೆ ತಾನೇ ತುಸು ಬಾಗಿ, ಗಾಳಿಗೆ ಒಡ್ಡಿಕೊಳ್ಳುವ ಕೋನವನ್ನು ತಗ್ಗಿಸಿಕೊಂಡರೆ? ಎರಡೂ ಕಡೆ ಲಾಭ.

ನಿಯಮ ಹೇಳುವುದು ಗಾಳಿಯ ಒತ್ತಡಕ್ಕೆ ರೆಕ್ಕೆ ಬಾಗಬಾರದು ಎಂದು. ಆದರೆ ಸ್ವಲ್ಪವೂ ಬಾಗದ ವಸ್ತು ಈ ಭೂಮಿಯ ಮೇಲೆ ಇಲ್ಲ. ಹಾಗಾಗಿ ಇಂಥ ಜಾಗದಲ್ಲಿ ಇಷ್ಟು ಭಾರ ಹಾಕಿದಾಗ ಇಷ್ಟಕ್ಕಿಂತ ಹೆಚ್ಚು ಬಾಗಕೂಡದು ಎಂಬ ಅಳತೆ ಬಂತು. ಎಂಜಿನಿಯರುಗಳಿಗೆ ಅಷ್ಟು ಸಾಕು. ಇಂಗಾಲದ ಎಳೆಗಳ ಪದರಗಳನ್ನು ಯಾವ ದಿಕ್ಕಿಗೆ ಹಾಸುತ್ತೇವೆ ಎಂಬುದರ ಮೇಲೆ ರೆಕ್ಕೆ ಒಂದು ದಿಕ್ಕಿನಲ್ಲಿ ಗಟ್ಟಿಯಾಗಿ, ಇನ್ನೊಂದು ದಿಕ್ಕಿನಲ್ಲಿ ತಿರುಚಿಕೊಳ್ಳುವಂತೆ ಮಾಡಬಹುದು. ಪರೀಕ್ಷೆಯ ಭಾರ ನಿಗದಿತ ಬಿಂದುವಿನ ಮೇಲೆ ಬೀಳುತ್ತದೆ, ಗಾಳಿ ಇಡೀ ರೆಕ್ಕೆಯನ್ನು ತಳ್ಳುತ್ತದೆ. 2024ರಲ್ಲಿ ಬಾಕು ನಗರದ ಸ್ಪರ್ಧೆಯನ್ನು ಗೆದ್ದ ಆಸ್ಕರ್ ಪಿಯಾಸ್ಟ್ರಿಯ ಮೆಕ್ಲಾರೆನ್ ಕಾರಿನ ಹಿಂರೆಕ್ಕೆಯ ಮೇಲ್ಪಟ್ಟಿ ವೇಗದಲ್ಲಿ ಸಣ್ಣಗೆ ಮೇಲೆದ್ದು ಗಾಳಿಗೆ ಕಿಂಡಿ ಬಿಡುತ್ತಿದ್ದದ್ದು ಕ್ಯಾಮೆರಾದಲ್ಲಿ ಕಂಡಿತು. ಆ ರೆಕ್ಕೆ ಎಲ್ಲ ಪರೀಕ್ಷೆಗಳನ್ನೂ ದಾಟಿತ್ತು! ಎಫ್‌ಐಎ ಜೊತೆ ಮಾತುಕತೆಯಾದ ಮೇಲೆ ತಂಡ ಅದನ್ನು ಬದಲಿಸಿತು.

ಇದು ಹಳೆಯ ಆಟ. 1984ರಲ್ಲಿ ಟೈರೆಲ್ ತಂಡದ ಕಾರುಗಳು ನಿಯಮದ ಕನಿಷ್ಠ ತೂಕಕ್ಕಿಂತ ಹಗುರಾಗಿ ಓಡಿ, ಓಟ ಮುಗಿಯುವ ಹೊತ್ತಿಗೆ ಸೀಸದ ಗುಂಡು ಬೆರೆತ ನೀರನ್ನು ತುಂಬಿಸಿಕೊಂಡು ತೂಕಕ್ಕೆ ನಿಲ್ಲುತ್ತಿದ್ದವು. ಟೊಮೆಟೊ ಲಾರಿ ತೂಕದ ಕಟ್ಟೆ ಏರುವಾಗ ಕ್ಲೀನರ್ ಕೂಡ ಹತ್ತಿ ಕುಳಿತ ಹಾಗೆ. ಆ ವರ್ಷದ ಇಡೀ ಚಾಂಪಿಯನ್‌ಷಿಪ್‌ನಿಂದಲೇ ತಂಡವನ್ನು ಹೊರಹಾಕಲಾಯಿತು.

ಸಂಶಯ ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ? ಪ್ರಯೋಗಾಲಯದ ಉಪಾಯವೇ ಸಾಕು: ಉಳಿದದ್ದನ್ನು ಹಾಗೇ ಬಿಟ್ಟು, ಸಂಶಯ ಬಂದ ಒಂದನ್ನು ಮಾತ್ರ ಬದಲಿಸಿ ನೋಡುವುದು. 2025ರ ಜೂನ್ 1ರ ಸ್ಪ್ಯಾನಿಷ್ ಸ್ಪರ್ಧೆಯಿಂದ ಎಫ್‌ಐಎ ಮುಂರೆಕ್ಕೆಯ ಪರೀಕ್ಷೆಯನ್ನು ಬಿಗಿಗೊಳಿಸಿತು. ಎರಡೂ ಬದಿಗೆ ಸುಮಾರು 100 ಕಿಲೋ ಭಾರ ಹಾಕಿದಾಗ 15 ಮಿಲಿಮೀಟರ್ ಬಾಗಲು ಇದ್ದ ಅನುಮತಿ 10ಕ್ಕೆ ಇಳಿಯಿತು. ಮೆಕ್ಲಾರೆನ್‌ನ ಗುಟ್ಟು ಅಲ್ಲಿದ್ದಿದ್ದರೆ ಆ ದಿನವೇ ಬಯಲಾಗಬೇಕಿತ್ತು. ಆದರೆ ಪಿಯಾಸ್ಟ್ರಿ ಮೊದಲಿಗ, ಅದೇ ತಂಡದ ಲ್ಯಾಂಡೊ ನಾರಿಸ್ ಎರಡನೆಯವ.

ಫೆರಾರಿಯ ಕಥೆ ಇದಕ್ಕೆ ತದ್ವಿರುದ್ಧ. ಎಂಜಿನ್‌ಗೆ ಹರಿಯುವ ಇಂಧನ ಗಂಟೆಗೆ 100 ಕಿಲೋ ಮೀರಬಾರದೆಂದು ಆಗ ಇದ್ದ ಮಿತಿಯನ್ನು ಶ್ರವಣಾತೀತ ಧ್ವನಿಯ ಮೀಟರ್ ಕಾಯುತ್ತಿತ್ತು. 2019ರಲ್ಲಿ ಫೆರಾರಿ ನೇರ ರಸ್ತೆಯಲ್ಲಿ ಯಾರಿಗೂ ಸಿಗದಂತೆ ಓಡುತ್ತಿತ್ತು. ಮೀಟರ್ ಎರಡು ಓದುಗಳ ನಡುವೆ ಕಣ್ಣುಮುಚ್ಚುವ ಕ್ಷಣದಲ್ಲಿ ಹೆಚ್ಚು ಇಂಧನ ನುಗ್ಗಿಸುತ್ತಿದ್ದಾರೆಂಬುದು ಎದುರಾಳಿಗಳ ಗುಮಾನಿ. ತನಿಖೆ 2020ರ ಫೆಬ್ರುವರಿಯಲ್ಲಿ ಗುಪ್ತ ಒಪ್ಪಂದದಲ್ಲಿ ಮುಗಿಯಿತು. ತಪ್ಪು ನಡೆದಿದೆಯೆಂದು ಯಾರೂ ಸಾರಲಿಲ್ಲ. ಆ ವರ್ಷ ಎರಡನೆಯ ಮೀಟರ್ ಕಡ್ಡಾಯವಾಯಿತು. ಫೆರಾರಿ ಒಂದು ಸ್ಪರ್ಧೆಯನ್ನೂ ಗೆಲ್ಲದೆ ಆರನೆಯ ಸ್ಥಾನಕ್ಕೆ ಕುಸಿಯಿತು. ಒಪ್ಪಂದದ ಕಾಗದವನ್ನು ಮುಚ್ಚಿಟ್ಟರೇನು, ಅಂಕಪಟ್ಟಿ ತೆರೆದೇ ಇತ್ತು.

ಮೆಕ್ಲಾರೆನ್ ಕೊನೆಗೂ ಸಿಕ್ಕಿಬಿದ್ದದ್ದು ಯಾರೂ ಬೊಟ್ಟು ಮಾಡದಿದ್ದ ಕಡೆ. ಕಾರಿನ ಅಡಿಯಲ್ಲೊಂದು ಹಲಗೆ ಇರುತ್ತದೆ, ದಪ್ಪ 10 ಮಿಲಿಮೀಟರ್. ಓಟ ಮುಗಿದಾಗ ಸವೆದು 9ಕ್ಕಿಂತ ಕಡಿಮೆಯಾಗಿರಬಾರದು. 2025ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಅದರ ಎರಡೂ ಕಾರುಗಳ ಹಲಗೆ ಕೂದಲೆಳೆಯಷ್ಟು ಹೆಚ್ಚು ಸವೆದಿತ್ತು. ಬೇಕೆಂದು ಮಾಡಿದ್ದಲ್ಲ ಎಂದು ಅಧಿಕಾರಿಗಳೇ ಒಪ್ಪಿದರೂ ಇಬ್ಬರು ಚಾಲಕರೂ ಅನರ್ಹರಾದರು. ಆ ದಿನದ ಅಂಕಗಳನ್ನು ಕಳೆದುಕೊಂಡ ಮೇಲೂ ವರ್ಷದ ಪಟ್ಟ ನಾರಿಸ್‌ಗೇ ಸಿಕ್ಕಿತು, ಎರಡೇ ಅಂಕಗಳ ಅಂತರದಲ್ಲಿ.