ಪೆನ್‌ಡ್ರೈವಿನಲ್ಲಿ ಓಡಾಡುವ ಟ್ರಸ್ಟ್

ನಮ್ಮೂರಿನಲ್ಲಿ ಒಂದು ಚಿಕ್ಕ ಟ್ರಸ್ಟ್ ಇದೆ. ಸುತ್ತಲಿನ ಹಳ್ಳಿಗಳಿಂದ ಬಂದು ಹೈಸ್ಕೂಲು ಓದುವ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ನಡೆಸುತ್ತದೆ. ಆಫೀಸಿನಲ್ಲಿ ಮೂರು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಕೆಂಪು ಪೆನ್‌ಡ್ರೈವು. ದಾನಿಗಳ ಪಟ್ಟಿ, ಮಕ್ಕಳ ದಾಖಲೆ, ಆಡಿಟರಿಗೆ ಕೊಡುವ ಲೆಕ್ಕ, ಎಲ್ಲವೂ ಆ ಪೆನ್‌ಡ್ರೈವಿನಲ್ಲೇ ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದವು. ಒಂದು ದಿನ ಕಾರ್ಯದರ್ಶಿಗಳು ಫೋನ್ ಮಾಡಿ, "ಮೂರು ಹೊಸ ಕಂಪ್ಯೂಟರ್ ತಗೋಬೇಕು ಅಂತಿದ್ದೀವಿ, ಯಾವುದು ಒಳ್ಳೇದು ಹೇಳಿ" ಎಂದರು. ಮೊದಲು ಇರುವುದನ್ನು ನೋಡೋಣ ಎಂದು ಹೋದೆ.

ಒಂದನ್ನು ಆನ್ ಮಾಡಿದೆ. ವಾರ್ಡನ್ ಅಕ್ಕ ನಕ್ಕರು. "ಸರ್, ಅದು ಏಳೋದರೊಳಗೆ ಒಂದು ಟೀ ಕುಡಿದು ಬರಬಹುದು."

ಇಂಥ ಯಂತ್ರ ಕಂಡರೆ ನಾವು 'ವಯಸ್ಸಾಯ್ತು' ಎನ್ನುತ್ತೇವೆ. ಆದರೆ ಪ್ರೊಸೆಸರಿಗೆ ಮಂಡಿನೋವು ಬರುವುದಿಲ್ಲ. ಧೂಳು ತುಂಬಿ ಬಿಸಿಯಾಗದಿದ್ದರೆ ಹತ್ತು ವರ್ಷದ ಹಿಂದಿನ ಚಿಪ್ ಇವತ್ತೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಓಡುತ್ತದೆ. ತಡವಾಗುವುದು ಬೇರೆ ಕಡೆ, ಹಾರ್ಡ್ ಡಿಸ್ಕಿನಲ್ಲಿ. ಅದರೊಳಗೆ ಗ್ರಾಮಫೋನಿನ ಹಾಗೆ ತಿರುಗುವ ತಟ್ಟೆ ಇದೆ, ಅದರ ಮೇಲೆ ಅತ್ತಿತ್ತ ಸರಿಯುವ ಒಂದು ಕೈ ಇದೆ. ಸಾಮಾನ್ಯ ಡೆಸ್ಕ್‌ಟಾಪಿನ ತಟ್ಟೆ ನಿಮಿಷಕ್ಕೆ 7200 ಸುತ್ತು ಹಾಕುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಜಾಗ ಕೈಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಕೈ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡು. ಒಂದು ಚೂರು ಮಾಹಿತಿ ಹುಡುಕಲು ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡು ಎಂದುಕೊಳ್ಳಿ.

ಇದೇನು ಮಹಾ ಅನ್ನಿಸಬಹುದು. ಆದರೆ 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಅಷ್ಟರಲ್ಲಿ ಮೂರೂವರೆ ಕೋಟಿಗೂ ಜಾಸ್ತಿ ಸಲ ಟಿಕ್ ಎಂದಿರುತ್ತದೆ. ಅಷ್ಟೂ ಹೊತ್ತು ಅದು ಸುಮ್ನೆ ಕಾಯುತ್ತಿರುತ್ತದೆ. ವಿಂಡೋಸ್ ಶುರುವಾಗಬೇಕಾದರೆ ಡಿಸ್ಕಿನ ಮೂಲೆ ಮೂಲೆಯಿಂದ ಸಾವಿರಾರು ಚೂರು ಓದಬೇಕು, ತಟ್ಟೆಯಿಂದ ಸೆಕೆಂಡಿಗೆ ಸಿಗುವುದು ಎಂಬತ್ತರಷ್ಟು. ವಾರ್ಡನ್ ಅಕ್ಕನ ಟೀ ಲೆಕ್ಕ ಸರಿಯಾಗಿಯೇ ಇತ್ತು.

ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಕೈಯೂ ಇಲ್ಲ. ಚಿಕ್ಕ ಚಿಕ್ಕ ಗೂಡುಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ಮಾಹಿತಿ ಇಡುತ್ತಾರೆ. ಯಾವ ಗೂಡು ಕೇಳಿದರೂ ಒಂದು ಮಿಲಿಸೆಕೆಂಡಿನ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿ ಉತ್ತರ ಬರುತ್ತದೆ. ಮೂರು ಎಸ್‌ಎಸ್‌ಡಿ ತರಿಸಿದೆ, ಹಳೆಯ ಡಿಸ್ಕಿನದನ್ನೆಲ್ಲ ನಕಲು ಮಾಡಿ ಅದಕ್ಕೆ ಹಾಕಿದೆ. ಮರುದಿನ ಅರ್ಧ ನಿಮಿಷದೊಳಗೆ ತೆರೆ ಬೆಳಗಿತು. ಹೊಸ ಕಂಪ್ಯೂಟರಿನ ಮಾತು ಅಲ್ಲಿಗೇ ನಿಂತಿತು.

ಆದರೂ ಒಂದು ತೊಡಕು ಉಳಿಯಿತು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರೂ ಈಚಿನದಾಗಿರಬೇಕು. ಇಲ್ಲಿನ ಎರಡು ಯಂತ್ರಗಳು ಅದಕ್ಕೆ ಒಪ್ಪಲಿಲ್ಲ. ಅವೆರಡಕ್ಕೂ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಪತ್ರ ಬರೆಯಲು, ಪಟ್ಟಿ ಮಾಡಲು ಅಷ್ಟು ಸಾಕು. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇರುವ ಮೂರನೆಯದಕ್ಕೆ ಮಾತ್ರ ವಿಂಡೋಸ್ 11.

ಬೆಂಬಲ ನಿಂತರೆ ಏನಾಗುತ್ತದೆ, ಕಂಪ್ಯೂಟರ್ ನಡೀತಾನೇ ಇರುತ್ತಲ್ವಾ ಎಂದು ಕಾರ್ಯದರ್ಶಿಗಳು ಕೇಳಿದರು. ನಡೆಯುತ್ತದೆ. 2017ರ ಮೇ 12ರ ಬೆಳಿಗ್ಗೆಯವರೆಗೆ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳೂ ನಡೆಯುತ್ತಿದ್ದವು. ಅವತ್ತು ವಾನಾಕ್ರೈ ಬಂತು. ಫೈಲುಗಳಿಗೆಲ್ಲ ಬೀಗ ಹಾಕಿ, ಬೀಗ ತೆಗೆಯಲು ಹಣ ಕೇಳುವ ವೈರಸ್ ಅದು. ಅದು ನುಗ್ಗಿದ್ದು ವಿಂಡೋಸ್ ಯಂತ್ರಗಳು ಒಂದಕ್ಕೊಂದು ಫೈಲ್ ಹಂಚಿಕೊಳ್ಳಲು ಇಟ್ಟುಕೊಂಡಿದ್ದ ಎಸ್‌ಎಂಬಿ ಎಂಬ ಹಳೆಯ ಬಾಗಿಲಿನಿಂದಲೇ. ಆ ಬಾಗಿಲಿನ ಬಿರುಕು ಮುಚ್ಚುವ ತೇಪೆ ಮಾರ್ಚ್ 14ರಂದೇ ಬಂದಿತ್ತು. ಎರಡು ತಿಂಗಳು ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬೆಂಬಲ ನಿಂತ ಮೇಲೆ ತೇಪೆಯೇ ಬರುವುದಿಲ್ಲ.

ಇನ್ನು ಆ ಕೆಂಪು ಪೆನ್‌ಡ್ರೈವಿನ ಕಥೆ. ಅದರಲ್ಲಿ ದಾನಿಗಳ ಪಟ್ಟಿ ಎಂಬ ಹೆಸರಿನ ಫೈಲು ಏಳು ಇದ್ದವು. ಒಂದರ ಹೆಸರು 'ಹೊಸದು', ಇನ್ನೊಂದರದು 'ಹೊಸದು ಫೈನಲ್', ಮತ್ತೊಂದು 'ಫೈನಲ್ ಮೇಡಂ ನೋಡಿದ್ದು'. ಯಾವುದು ಅಸಲಿ? ಮೂರು ಮೇಜಿನಲ್ಲಿ ಮೂರು ಉತ್ತರ. ನನ್ನ ಲೆಕ್ಕದಲ್ಲಿ ಚಿಕ್ಕ ಸಂಸ್ಥೆಗಳ ನಿಜವಾದ ಕಾಯಿಲೆ ಇದು. ಹೊಸ ಯಂತ್ರ ಬಂದರೆ ಏಳು ಫೈಲು ಒಂಬತ್ತಾಗುತ್ತವೆ, ಅಷ್ಟೆ.

ಎಲ್ಲರ ಫೈಲೂ ಒಂದೇ ಕಡೆ ಇರುವ ಹಾಗೆ ಒಂದು ಸರ್ವರ್ ಇಡಬಹುದಿತ್ತು. ಆದರೆ ನಾನು ಊರಲ್ಲಿಲ್ಲದಾಗ ಅದನ್ನು ನೋಡಿಕೊಳ್ಳುವವರು ಯಾರು? ಇಂಟರ್ನೆಟ್ಟಿನ ಮೂಲಕ ಕಂಪನಿಗಳ ಕಂಪ್ಯೂಟರಿನಲ್ಲಿ ಫೈಲು ಇಡುವ ಕ್ಲೌಡ್ ಇದೆ, ನೋಂದಾಯಿತ ಸಂಸ್ಥೆಗಳಿಗೆ ಗೂಗಲ್, ಮೈಕ್ರೋಸಾಫ್ಟ್ ಎರಡರಲ್ಲೂ ರಿಯಾಯಿತಿ ಸಿಗುತ್ತದೆ. ಆದರೆ ಇಲ್ಲಿ ಜೋರು ಮಳೆ ಬಂದರೆ ಇಂಟರ್ನೆಟ್ ಇಲ್ಲ. ಜೊತೆಗೆ ಫೈಲುಗಳಲ್ಲಿ ಮಕ್ಕಳ ಆಧಾರ್, ಫೋಟೋ, ಮನೆಯ ಕಷ್ಟದ ವಿವರ ಎಲ್ಲ ಇವೆ. ಮಕ್ಕಳ ಮಾಹಿತಿಯ ವಿಷಯದಲ್ಲಿ 2023ರ ಡೇಟಾ ರಕ್ಷಣಾ ಕಾಯ್ದೆಯೂ ಬಿಗಿಯಾಗಿದೆ. ಕೊನೆಗೆ ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶ ಹಾಕಿದೆ. ಮೂರೂ ಯಂತ್ರದಲ್ಲಿ ಒಂದೇ ಫೋಲ್ಡರು. ಒಂದರಲ್ಲಿ ತಿದ್ದಿದರೆ ಆಫೀಸಿನ ವೈಫೈಯಲ್ಲೇ ಉಳಿದೆರಡಕ್ಕೂ ಹೋಗುತ್ತದೆ. ಹೊರಗಿನ ಇಂಟರ್ನೆಟ್ ಬೇಕಿಲ್ಲ.

ಏನು ಬದಲಾಯಿತು ಎಂದು ಅದಕ್ಕೆ ಗೊತ್ತಾಗುವ ಬಗೆ ಚೆನ್ನಾಗಿದೆ. ಇಬ್ಬರ ಹತ್ತಿರ ಒಂದೇ ಖಾತೆ ಪುಸ್ತಕದ ಎರಡು ಪ್ರತಿ ಇವೆ ಎಂದುಕೊಳ್ಳಿ. ಫೋನಿನಲ್ಲಿ ತಾಳೆ ನೋಡಬೇಕು. ಸಾಲು ಸಾಲು ಓದುತ್ತಾ ಕೂತರೆ ಸಂಜೆಯಾಗುತ್ತದೆ. ಅದರ ಬದಲು ಪ್ರತಿ ಪುಟದ ಕೊನೆಯ ಮೊತ್ತ ಮಾತ್ರ ಹೇಳಿದರೆ? ಎಲ್ಲಿ ಮೊತ್ತ ತಾಳೆಯಾಗುವುದಿಲ್ಲವೋ ಆ ಪುಟ ಮಾತ್ರ ಓದಿದರಾಯಿತು. ತಂತ್ರಾಂಶವೂ ಫೈಲನ್ನು ತುಂಡು ಮಾಡಿ ಪ್ರತಿ ತುಂಡಿಗೂ ಹ್ಯಾಶ್ ಎಂಬ ಒಂದು ಸಂಖ್ಯೆ ಲೆಕ್ಕ ಹಾಕುತ್ತದೆ. ಪುಟದ ಮೊತ್ತ ಅಕಸ್ಮಾತ್ ಒಂದೇ ಬರಬಹುದು, ಹ್ಯಾಶ್ ಹಾಗಲ್ಲ. ಒಂದು ಅಲ್ಪವಿರಾಮ ಬದಲಾದರೂ ಪೂರ್ತಿ ಬೇರೆ ಸಂಖ್ಯೆ. ಇದೇ ಜಾಡಿನ ಒಂದು ಉಪಾಯವನ್ನು 1996ರಲ್ಲೇ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಆರ್‌ಸಿಂಕ್ ಎಂಬ ಹೆಸರಿನಲ್ಲಿ ಕೊಟ್ಟಿದ್ದರು.

ಎರಡು ಎಚ್ಚರಿಕೆ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಟ್ಯಾಲಿಯ ಫೋಲ್ಡರನ್ನು ಇದರೊಳಗೆ ಹಾಕಬೇಡಿ, ತೆರೆದಿರುವ ಲೆಕ್ಕವನ್ನು ನಕಲು ಮಾಡಹೋದರೆ ಅರ್ಧಂಬರ್ಧ ಬರುತ್ತದೆ. ಇನ್ನೊಂದು, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಆದ್ದರಿಂದ ಶನಿವಾರ ಸಂಜೆ ಎಲ್ಲದರ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಹಾಕಿ, ಕೇಬಲ್ ಕಿತ್ತು ಬೀರುವಿನಲ್ಲಿ ಇಡಬೇಕು. ಕೇಬಲ್ ಕೀಳುವುದು ಮುಖ್ಯ. ವಾನಾಕ್ರೈನಂಥದ್ದು ಚುಚ್ಚಿಟ್ಟ ಡಿಸ್ಕಿಗೂ ಬೀಗ ಹಾಕುತ್ತದೆ.

ಇಷ್ಟಾದ ಮೇಲೆ ಮುಗಿಯಿತು ಎಂದುಕೊಂಡೆ. ಲಿನಕ್ಸಿನಲ್ಲಿ ಹಳೆಯ ಮಕ್ಕಳ ಪಟ್ಟಿ ತೆರೆದರೆ ತೆರೆಯ ತುಂಬ ಪೌಂಡ್ ಚಿಹ್ನೆ! "ಇಷ್ಟೊಂದು ಪೌಂಡ್ ಬಂದಿದ್ರೆ ನಾವು ಎಫ್‌ಸಿಆರ್‌ಎ ಮಾಡಿಸಬೇಕಿತ್ತು" ಎಂದರು ಕಾರ್ಯದರ್ಶಿ. ವಿದೇಶದ ದೇಣಿಗೆ ಪಡೆಯಲು ಬೇಕಾದ ನೋಂದಣಿ ಅದು.

ಆ ಫೈಲು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಅದರ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆ ಇಟ್ಟುಕೊಳ್ಳುತ್ತದೆ. ಆ ಕಾಲದ ಕನ್ನಡ ಫಾಂಟುಗಳಿಗೆ ಇದ್ದದ್ದು 256 ಸಂಖ್ಯೆ, ಅವೂ ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳ ಪಾಲಾಗಿದ್ದವು. ನಮ್ಮವರು ಆ ಚಿಹ್ನೆಗಳ ಮುಖಕ್ಕೆ ಕನ್ನಡದ ಮುಖವಾಡ ತೊಡಿಸಿದರು. ಇಂಗ್ಲಿಷಿನ 'ಪಿ' ಮತ್ತು ನೆತ್ತಿಯ ಮೇಲೆ ಗೀಟಿರುವ 'ಎ' ಸೇರಿದರೆ 'ಕ'. ಪೌಂಡ್ ಚಿಹ್ನೆಯ ಪಕ್ಕ ಅದೇ 'ಎ' ಬಂದರೆ 'ನ'. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಫಾಂಟ್ ಹಾಕಿದರೆ ಓದಬಹುದು ನಿಜ, ಆದರೆ ಮೊಬೈಲಿನಲ್ಲಿ 'ಕಮಲ' ಎಂದು ಹುಡುಕಿದರೆ ಸಿಗುವುದಿಲ್ಲ. ಯಾಕೆಂದರೆ ಅಲ್ಲಿ 'ಕ' ಎಂಬುದೇ ಇಲ್ಲ. ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 'ಕ'ಗೆ ಸ್ವಂತ ಸಂಖ್ಯೆ ಇದೆ, 3221. ಯಾವ ಫಾಂಟ್ ಹಾಕಿದರೂ ಅದು 'ಕ'.

ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಳೆಯ ಪಟ್ಟಿಗಳನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಬದಲಿಸಿದೆ. ಸೊಕ್ಕು ಇಳಿಸಿದ್ದು ಅರ್ಕಾವತ್ತು. ಹಳೆಯ ಪದ್ಧತಿಯಲ್ಲಿ ನಾವು ಕೈಯಲ್ಲಿ ಬರೆಯುವ ಹಾಗೆ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಜರುಗಿಸಬೇಕು. ಅಡ್ಡದಲ್ಲಿ ಯಾರೋ ತಪ್ಪಿ ಒಂದು ಸ್ಪೇಸ್ ಒತ್ತಿದ್ದರೆ ಅದು ದಾರಿ ತಪ್ಪುತ್ತದೆ. ಟೈಪ್ ಮಾಡಿದವರು ಸ್ಪೇಸ್ ಒತ್ತುವುದರಲ್ಲಿ ಧಾರಾಳಿಗಳು.

ಕಳೆದ ವಾರ ಹೋದಾಗ ವಾರ್ಡನ್ ಅಕ್ಕ ಪಟ್ಟಿಯ ಪ್ರಿಂಟ್ ಹರಡಿಕೊಂಡು, ಕೆಂಪು ಪೆನ್ನಿನಲ್ಲಿ ಪಾರ್ವತಿಯರನ್ನೂ ಪೂರ್ಣಿಮಾರನ್ನೂ ತಿದ್ದುತ್ತಿದ್ದರು. ಪಕ್ಕದಲ್ಲಿ ಕಂಪ್ಯೂಟರ್ ಆನ್ ಆಗಿಯೇ ಇತ್ತು. ಟೀ ಇನ್ನೂ ಬಂದಿರಲಿಲ್ಲ.