ಇಪ್ಪತ್ತು ಪ್ರಶ್ನೆ ಕೇಳಿದ ಮೇಲೆ

ಆಟಿಸಂಗಾಗಿ ದುಡಿದ ಆರೋಗ್ಯಾಧಿಕಾರಿಯ ಸಾಧನೆ ಎಂದರೆ ಸಾಮಾನ್ಯವಾಗಿ ನಿರ್ಣಯಗಳ, ಸಮ್ಮೇಳನಗಳ ಪಟ್ಟಿಯೇ ಮುಂದೆ ಬರುತ್ತದೆ. ಅವೂ ಬೇಕಿದ್ದವು. ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನವಾದದ್ದು ಕತಾರ್ ಮುಂದಿಟ್ಟ ನಿರ್ಣಯವನ್ನು ವಿಶ್ವಸಂಸ್ಥೆ 2007ರ ಡಿಸೆಂಬರ್‌ನಲ್ಲಿ ಒಪ್ಪಿದ್ದರಿಂದ. 2012ರಲ್ಲಿ ಬಾಂಗ್ಲಾದೇಶ ತಂದ ನಿರ್ಣಯ ಕುಟುಂಬಗಳ ಸಾಮಾಜಿಕ, ಆರ್ಥಿಕ ಕಷ್ಟದ ಮಾತೆತ್ತಿತು. 2014ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯೂ ನಿರ್ಣಯ ಕೈಗೊಂಡಿತು. ಆದರೆ ಕೆಲಸ ಗಟ್ಟಿಯೋ ಟೊಳ್ಳೋ ಎಂಬುದು ಗೊತ್ತಾಗುವುದು ಲಸಿಕೆ ಕೋಣೆಯ ಪಕ್ಕದ ಮೇಜಿನ ಮೇಲಿರುವ ರಿಜಿಸ್ಟರ್ ತೆರೆದಾಗ.

ಆ ಮೇಜಿನಲ್ಲಿ ಹೆಚ್ಚಾಗಿ ಬಳಕೆಯಾಗುವುದು ಆಟಿಸಂ ಇರಬಹುದಾದ ಮಕ್ಕಳನ್ನು ಗುರುತಿಸುವ ಎಂ-ಚಾಟ್-ಆರ್/ಎಫ್ ಎಂಬ ಪ್ರಶ್ನಾವಳಿ. 16ರಿಂದ 30 ತಿಂಗಳ ಮಕ್ಕಳಿಗೆ ಇದು. ಹೆತ್ತವರು ಹೌದು ಅಥವಾ ಇಲ್ಲ ಎನ್ನಬೇಕಾದ 20 ಪ್ರಶ್ನೆಗಳಿವೆ. ಅಂಕ 0ರಿಂದ 2 ಬಂದರೆ ಸದ್ಯಕ್ಕೆ ಚಿಂತೆಯಿಲ್ಲ. ಮಗುವಿಗೆ ಎರಡು ವರ್ಷ ತುಂಬಿರದಿದ್ದರೆ ತುಂಬಿದ ಮೇಲೆ ಮತ್ತೊಮ್ಮೆ ಕೇಳಬೇಕು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ತಜ್ಞರ ಬಳಿಗೆ. ನಡುವಿನ 3ರಿಂದ 7ರವರಿಗೆ ಎರಡನೇ ಹಂತವಿದೆ: ಅಂಕ ಸೇರಿದ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡು, ಉದಾಹರಣೆ ಕೇಳುತ್ತಾ ಬಿಡಿಸಿ ಮಾತಾಡಬೇಕು. ಆಗಲೂ 2 ಅಥವಾ ಹೆಚ್ಚು ಉಳಿದರೆ ಮಾತ್ರ ರೆಫರಲ್, ಅಂದರೆ ತಜ್ಞರ ಬಳಿಗೆ ಕಳಿಸುವುದು.

ಎಡವುವುದು ಎಲ್ಲಿ? ಮೊದಲನೆಯದು ಲೆಕ್ಕದಲ್ಲೇ. 17 ಪ್ರಶ್ನೆಗಳಲ್ಲಿ 'ಇಲ್ಲ' ಎಂದರೆ ಒಂದು ಅಂಕ ಸೇರುತ್ತದೆ. 2, 5, 12ನೇ ಪ್ರಶ್ನೆಗಳಲ್ಲಿ 'ಹೌದು' ಎಂದರೆ ಸೇರುತ್ತದೆ. ಉದಾಹರಣೆಗೆ ಎರಡನೆಯದು, ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬ ಅನುಮಾನ ಬಂದದ್ದುಂಟೇ ಎನ್ನುತ್ತದೆ. ಗಡಿಬಿಡಿಯಲ್ಲಿ ಎಲ್ಲಕ್ಕೂ 'ಹೌದು' ಎಂದು ಗುರುತು ಹಾಕಿದ ಹಾಳೆಯ ನಿಜವಾದ ಅಂಕ 3. ಅಂಥ ಹಾಳೆಯ ಮೇಲೆ ಸೊನ್ನೆ ಬರೆದಿದ್ದರೆ ಸಿಬ್ಬಂದಿಗೆ ತರಬೇತಿ ಸಾಲದು ಎಂದರ್ಥ. ಹಳೆಯ ಹಾಳೆಗಳ ಕಟ್ಟು ಬಿಚ್ಚಿ ಇದೊಂದನ್ನು ನೋಡಿದರೂ ಸಾಕಷ್ಟು ತಿಳಿಯುತ್ತದೆ.

ಎರಡನೆಯದು ಮಾತಿನದು. 'ಕೋಣೆಯ ಆ ತುದಿಯಲ್ಲಿರುವುದನ್ನು ನೀವು ಬೆರಳಿಟ್ಟು ತೋರಿಸಿದರೆ ಮಗು ಅತ್ತ ನೋಡುತ್ತದೆಯೇ?' ಎಂಬುದು ಮೊದಲ ಪ್ರಶ್ನೆ. ಒಮ್ಮೆ ನೋಡಿದ್ದು ನೆನಪಾಗಿ ತಾಯಿ 'ಹೂಂ' ಎಂದುಬಿಡುತ್ತಾರೆ. ಅಪರೂಪಕ್ಕೆ ಮಾಡುವುದಾದರೆ 'ಇಲ್ಲ' ಎಂದೇ ಬರೆಯಬೇಕು ಎಂದು ಪ್ರಶ್ನಾವಳಿಯ ಸೂಚನೆಯಲ್ಲೇ ಇದೆ, ಅದನ್ನು ಓದಿ ಹೇಳುವವರು ಕಡಿಮೆ. ಮಗು ವಸ್ತುವಿನ ಬದಲು ತೋರಿಸಿದ ಬೆರಳನ್ನೇ ನೋಡುತ್ತಿದ್ದರೆ ಅದೂ 'ಇಲ್ಲ'. ಮೊದಲ ಹಂತದಲ್ಲಿ ಅಂಕ ಸೇರದ ಪ್ರಶ್ನೆಯನ್ನು ಎರಡನೇ ಹಂತದಲ್ಲಿ ಯಾರೂ ಮತ್ತೆ ಕೇಳುವುದಿಲ್ಲವಾದ್ದರಿಂದ ಇಲ್ಲಿ ಜಾರಿದ್ದು ಜಾರಿದಂತೆಯೇ.

ಮೂರನೆಯದು, ಎರಡನೇ ಹಂತವನ್ನೇ ಹಾರಿಸುವುದು. ಇದರ ಬೆಲೆ ದೊಡ್ಡದು. 2014ರಲ್ಲಿ ಪ್ರಕಟವಾದ, 16,071 ಮಕ್ಕಳ ಅಧ್ಯಯನದಲ್ಲಿ ಮೊದಲ ಹಂತದಲ್ಲಿ ಸಿಕ್ಕಿಬಿದ್ದವರು ಸುಮಾರು ಶೇ 7. ಎರಡನೇ ಹಂತ ಮುಗಿಸಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜನರಷ್ಟೇ ಉಳಿದರು. ವರ್ಷಕ್ಕೆ 3,000 ಹೆರಿಗೆಯಾಗುವ ಪ್ರದೇಶಕ್ಕೆ ಇದನ್ನು ಹಚ್ಚಿ ನೋಡಿ. ಮೊದಲ ಹಂತದಲ್ಲಿ 210 ಮಕ್ಕಳು, ಎರಡನೆಯದರ ನಂತರ 80ರ ಆಸುಪಾಸು. ತಜ್ಞರ ತಂಡ ವಾರಕ್ಕೆ ಇಬ್ಬರನ್ನು ನೋಡಿದರೆ ವರ್ಷಕ್ಕೆ 100. 80 ಮಕ್ಕಳಾದರೆ ಸರಾಗ. 210 ಮಂದಿಯನ್ನೂ ಕಳಿಸಿದರೆ ಮೊದಲ ವರ್ಷದ ಕೊನೆಗೇ 110 ಮಕ್ಕಳ ಸಾಲು. ಕೊನೆಯವರ ಸರದಿ ಬರಲು ಇನ್ನೊಂದು ವರ್ಷ ಮೀರುತ್ತದೆ. 20 ತಿಂಗಳಲ್ಲಿ ಗುರುತಿಸಿದ ಮಗುವನ್ನು ಪರೀಕ್ಷಿಸುವ ಹೊತ್ತಿಗೆ ಅದಕ್ಕೆ ಮೂರು ವರ್ಷ ಹತ್ತಿರ. 'ತಜ್ಞರಿಲ್ಲ' ಎಂಬ ದೂರು ಎಷ್ಟೋ ಸಲ ನಿಜವೇ, ಆದರೆ ಅರ್ಧ ಸಾಲು ನಾವೇ ಬೆಳೆಸಿದ್ದಾಗಿರುತ್ತದೆ. ಅದೇ ಅಧ್ಯಯನದಲ್ಲಿ, ಎರಡೂ ಹಂತಗಳ ನಂತರವೂ ಪಟ್ಟಿಯಲ್ಲಿ ಉಳಿದು ತಜ್ಞರ ಪರೀಕ್ಷೆಗೆ ಬಂದವರಲ್ಲಿ ಶೇ 47.5 ಮಕ್ಕಳಿಗೆ ಆಟಿಸಂ ಇತ್ತು. ಏನಾದರೊಂದು ಬೆಳವಣಿಗೆಯ ತೊಂದರೆ ಎಂದರೆ ಶೇ 94.6. ಹಾಗಾಗಿ 'ಆಟಿಸಂ ಅಲ್ಲ' ಎಂದು ಬಂದ ಮಗುವಿನ ಹೆಸರನ್ನೂ ಹೊಡೆದುಹಾಕಬಾರದು.

ಕಿವಿ ಪರೀಕ್ಷೆಯನ್ನು ರೆಫರಲ್ ಬರೆದ ದಿನವೇ ಗೊತ್ತುಮಾಡುವುದು ಒಳ್ಳೆಯದು. ಹೆಸರು ಕರೆದರೆ ತಿರುಗದ ಮಗುವಿಗೆ ಕೇಳಿಸದೆಯೂ ಇರಬಹುದು. ಇನ್ನು ತಪಾಸಣೆಗೆ ಲಸಿಕೆಯ ಭೇಟಿಯೇ ಅನುಕೂಲ, ಆದರೆ ಅದಕ್ಕೊಂದು ತೊಡಕಿದೆ: ಲಕ್ಷಣ ಕಣ್ಣಿಗೆ ಬೀಳುವ ವಯಸ್ಸೂ ಲಸಿಕೆಯ ವಯಸ್ಸೂ ಒಂದೇ ಆದ್ದರಿಂದ ಹೆತ್ತವರು ಎರಡನ್ನೂ ಗಂಟುಹಾಕುತ್ತಾರೆ. ಆ ಗಂಟು ಹಾಕಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಡೆನ್ಮಾರ್ಕಿನ 6,57,461 ಮಕ್ಕಳ 2019ರ ಅಧ್ಯಯನದಲ್ಲೂ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಸಿಬ್ಬಂದಿಗೆ ಈ ಉತ್ತರ ಬಾಯಲ್ಲೇ ಇರಬೇಕು.

ರೋಗನಿರ್ಣಯದ ಕಾಗದ ಬರುವ ತನಕ ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ತರಬೇತಿ 2ರಿಂದ 9 ವರ್ಷದ ಮಕ್ಕಳ ಮನೆಯವರಿಗಾಗಿ ಇದೆ: ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ. ರೋಗನಿರ್ಣಯ ಆಗಿರಲೇಬೇಕೆಂದಿಲ್ಲ, ತಜ್ಞರಲ್ಲದವರೂ ತರಬೇತಿ ಪಡೆದು ನಡೆಸಬಹುದು.

ರಿಜಿಸ್ಟರ್‌ನಲ್ಲಿ 'ರೆಫರಲ್ ಮಾಡಿದ ದಿನ'ದ ಕಾಲಂ ಸಾಮಾನ್ಯವಾಗಿ ತುಂಬಿಯೇ ಇರುತ್ತದೆ. ಅದರ ಪಕ್ಕದಲ್ಲಿ 'ತಲುಪಿದ ದಿನ', 'ಮೊದಲ ತರಗತಿಯ ದಿನ' ಎಂದು ಇನ್ನೆರಡು ಗೆರೆ ಎಳೆಸಿ, ಅಲ್ಲಿ ಆರು ವಾರ ಖಾಲಿ ಉಳಿದ ಹೆಸರಿಗೆಲ್ಲ ಫೋನ್ ಮಾಡಿಸಬೇಕು. ಫೋನಿನಲ್ಲಿ 'ಯಾಕೆ ಹೋಗಲಿಲ್ಲ' ಎಂದು ಗದರಿದರೆ ಕರೆ ಅಲ್ಲಿಗೇ ಮುಗಿಯುತ್ತದೆ. 'ಯಾವ ದಿನವಾದರೆ ಬರಲು ಅನುಕೂಲ' ಎಂದು ಕೇಳಿದರೆ ದಾರಿಖರ್ಚಿನದೋ, ಕೂಲಿ ತಪ್ಪುವುದೋ, ಅತ್ತೆ ಬೇಡವೆಂದದ್ದೋ ಹೊರಬರುತ್ತದೆ.