ಬಿಚ್ಚುವ ಬೋಲ್ಟ್ ಮೇಲೆ ಗಾಡಿಯ ಭಾರ ಇರಬಾರದು

ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಓದುವ ನಮಗೆಲ್ಲ ಜಾಕ್ ಹಾಕುವುದು ಮೊದಲ ತಿಂಗಳಲ್ಲೇ ಬಂದುಬಿಡುತ್ತದೆ. ಆಮೇಲೆ ಅದನ್ನು ಯಾರೂ ಎರಡನೇ ಸಲ ಓದುವುದಿಲ್ಲ. ನಾನೂ ಓದಿರಲಿಲ್ಲ. ವರ್ಕ್‌ಶಾಪಿನ ಸಿಮೆಂಟ್ ನೆಲದ ಮೇಲೆ ಗಾಡಿ ಎತ್ತುವುದೇ ಬೇರೆ, ಪಾಂಡವಪುರದ ಕಡೆ ನಾಲೆ ಏರಿಯ ರಸ್ತೆಯಲ್ಲಿ ಎತ್ತುವುದೇ ಬೇರೆ ಅಂತ ಹೋದ ಮಳೆಗಾಲದಲ್ಲಿ ಗೊತ್ತಾಯಿತು.

ಮಾವನ ಓಮ್ನಿ ವ್ಯಾನು. ಹಿಂದೆ ಬೆಲ್ಲದ ಮೂಟೆ. ಎಡಗಡೆ ಹಿಂದಿನ ಪ್ಲೇಟ್ ಸ್ಪ್ರಿಂಗಿನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ಶ್ಯಾಕಲ್ ಬುಶ್, ಅಂದರೆ ಸ್ಪ್ರಿಂಗಿನ ಹಿಂದಿನ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿಯ ರಬ್ಬರ್ ಬಳೆ, ಪೂರ್ತಿ ಸವೆದು, ಗುಂಡಿ ಸಿಕ್ಕಿದಾಗಲೆಲ್ಲ ಕಟಕಟ ಅನ್ನುತ್ತಿತ್ತು. ಹೊಸ ಬುಶ್ ಜೊತೆಗೇ ಇತ್ತು, ಇಲ್ಲೇ ಹಾಕಿಬಿಡೋಣ ಅಂದುಕೊಂಡೆ. ಬಾಟಲ್ ಜಾಕನ್ನು ಆಕ್ಸೆಲ್ ಕೆಳಗಿಟ್ಟು ಎತ್ತಿದೆ. ಗಾಲಿ ನೆಲ ಬಿಟ್ಟಿತು. ಶ್ಯಾಕಲ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದ್ದೆ, ಅಷ್ಟರಲ್ಲಿ ಜಾಕ್ ಒದ್ದೆ ಮಣ್ಣಿಗೆ ಇಳಿದು ವಾಲಿತು. ವ್ಯಾನ್ ಧಡ್ ಅಂತ ಕೂತಿತು. ಕೈ ಹೊರಗಿತ್ತು, ಏನೂ ಆಗಲಿಲ್ಲ.

ಭಾನುವಾರ ಗ್ಯಾರೇಜಿನಲ್ಲಿ ಮೇಸ್ತ್ರಿಗೆ ಹೇಳಿದೆ. ಮಣ್ಣು ಮೆತ್ತಗಿತ್ತು ಅಂತ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೇರೆಯದೇ ಹೇಳಿದರು: "ಜಾಕ್ ಇಳಿದಿದ್ದೇ ಒಳ್ಳೇದಾಯ್ತು ಕಣಪ್ಪ. ಆ ಬೋಲ್ಟ್ ಪೂರ್ತಿ ಬಂದಿದ್ರೆ ನಿನ್ನ ಕೈ ಇರ್ತಿರಲಿಲ್ಲ."

ಆ ಮಾತು ಅರ್ಥ ಆಗುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ನೆಲ ಮೆತ್ತಗಿದ್ದದ್ದು ಒಂದು ತಪ್ಪು, ನಿಜ. ಆದರೆ ಗಟ್ಟಿ ಕಾಂಕ್ರೀಟ್ ಮೇಲಿದ್ದರೂ ಆ ಕೆಲಸ ತಪ್ಪೇ ಆಗಿತ್ತು. ಯಾಕೆ ಅನ್ನುವುದೇ ಈ ಟಿಪ್ಪಣಿಯ ಮುಖ್ಯ ವಿಷಯ.

ಭಾರ ಇಳಿಯುವ ದಾರಿ

ಒಂದು ಹಾಳೆ ತೆಗೆದುಕೊಂಡು ಗಾಡಿಯ ಭಾರ ನೆಲಕ್ಕೆ ಯಾವ ದಾರಿಯಲ್ಲಿ ಇಳಿಯುತ್ತದೆ ಅಂತ ಬರೆಯಿರಿ. ಹಿಂಭಾಗದಲ್ಲಿ ಪ್ಲೇಟ್ ಸ್ಪ್ರಿಂಗ್ ಇರುವ ವ್ಯಾನಿನಲ್ಲಿ ಅದು ಹೀಗೆ ಬರುತ್ತದೆ: ಬಾಡಿ, ಅದರ ಕೆಳಗಿನ ಗಟ್ಟಿ ಚಾನೆಲ್, ಅಲ್ಲಿಂದ ಸ್ಪ್ರಿಂಗಿನ ಮುಂದಿನ ಪಿನ್ ಮತ್ತು ಹಿಂದಿನ ಶ್ಯಾಕಲ್, ಆಮೇಲೆ ಪ್ಲೇಟ್‌ಗಳು, ಯು ಬೋಲ್ಟ್‌ಗಳು ಕಟ್ಟಿ ಹಿಡಿದ ಆಕ್ಸೆಲ್, ಗಾಲಿ, ನೆಲ.

ಈಗ ಜಾಕನ್ನು ಆಕ್ಸೆಲ್ ಕೆಳಗೆ ಇಡಿ. ಭಾರ ಆಕ್ಸೆಲ್ ತನಕ ಮೊದಲಿನಂತೆಯೇ ಬರುತ್ತದೆ, ಅಲ್ಲಿಂದ ಗಾಲಿಗೆ ಹೋಗುವ ಬದಲು ಜಾಕಿಗೆ ಹೋಗುತ್ತದೆ. ದಾರಿಯಿಂದ ಬಿಟ್ಟುಹೋದದ್ದು ಗಾಲಿ ಒಂದೇ. ಅದಕ್ಕೇ ಪಂಕ್ಚರ್ ಆದಾಗ ಆಕ್ಸೆಲ್ ಎತ್ತಿ ಗಾಲಿ ಬಿಚ್ಚಿದರೆ ತೊಂದರೆ ಇಲ್ಲ. ಆದರೆ ಶ್ಯಾಕಲ್, ಪ್ಲೇಟ್ ಎಲ್ಲವೂ ಇನ್ನೂ ಬಾಡಿಯನ್ನು ಹೊತ್ತುಕೊಂಡೇ ಇವೆ. ಸ್ಪ್ರಿಂಗ್ ಇನ್ನೂ ಬಗ್ಗಿಯೇ ಇದೆ. ಗಾಲಿ ಗಾಳಿಯಲ್ಲಿ ತಿರುಗುತ್ತಿದೆ, ಹಾಗಾಗಿ ಎಲ್ಲ ಸಡಿಲ ಆಗಿದೆ ಅಂತ ನಮ್ಮ ಕಣ್ಣಿಗೆ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಶ್ಯಾಕಲ್ ಬೋಲ್ಟ್ ಬಿಚ್ಚಿದರೆ ಬಾಡಿ ಒಮ್ಮೆಲೇ ಕುಸಿಯುತ್ತದೆ, ಪ್ಲೇಟ್ ಮೇಲಕ್ಕೆ ಚಿಮ್ಮುತ್ತದೆ. ನಮ್ಮ ಬೆರಳು ಎರಡರ ಮಧ್ಯೆ ಇರುತ್ತದೆ. ಮೇಸ್ತ್ರಿ ಹೇಳಿದ್ದು ಇದನ್ನೇ.

ಜಾಕನ್ನು ಚಾನೆಲ್ ಕೆಳಗೆ, ಸ್ಪ್ರಿಂಗಿನ ಮುಂದಿನ ಪಿನ್ನಿನ ಹತ್ತಿರ ಇಟ್ಟರೆ ಲೆಕ್ಕವೇ ಬದಲಾಗುತ್ತದೆ. ಬಾಡಿಯ ಭಾರ ನೇರವಾಗಿ ಜಾಕಿಗೆ ಬಂತು. ಸ್ಪ್ರಿಂಗ್, ಆಕ್ಸೆಲ್, ಗಾಲಿ ಮೂರೂ ಬಾಡಿಯಿಂದ ಕೆಳಕ್ಕೆ ಜೋತುಬಿದ್ದಿವೆ. ಈಗ ಶ್ಯಾಕಲ್ ಮೇಲೆ ಬಾಡಿ ಇಲ್ಲ, ಆದರೆ ಆಕ್ಸೆಲ್ಲಿನ ತೂಕ ಇದೆ. ಅದಕ್ಕೆ ಎರಡನೇ ಜಾಕ್ ಬೇಕು. ಅದನ್ನು ಆಕ್ಸೆಲ್ ಕೆಳಗಿಟ್ಟು, ಸ್ಪ್ರಿಂಗ್ ಜೋತೂ ಬೀಳದೆ, ಬಗ್ಗಲೂ ಶುರುವಾಗದೆ ಇರುವ ಎತ್ತರಕ್ಕೆ ತನ್ನಿ.

ಆ ಎತ್ತರ ಸಿಕ್ಕಿತು ಅಂತ ಗೊತ್ತಾಗುವುದು ಹೇಗೆ? ನಟ್ ತೆಗೆದ ಮೇಲೆ ಬೋಲ್ಟ್ ಕೈಯಲ್ಲೇ ತಿರುಗಬೇಕು, ಸಣ್ಣಗೆ ತಟ್ಟಿದರೆ ಜಾರಿ ಬರಬೇಕು. ಸುತ್ತಿಗೆಯಲ್ಲಿ ಜೋರಾಗಿ ಹೊಡೆಯಬೇಕಾಗಿ ಬಂದರೆ ನಿಲ್ಲಿಸಿ. ತುಕ್ಕು ಹಿಡಿದಿರಬಹುದು, ಆದರೆ ಮೊದಲು ಭಾರ ಇದೆ ಅಂತಲೇ ಅನುಮಾನ ಪಡಿ. ಎರಡನೇ ಜಾಕನ್ನು ಒಂದು ಸೆಂಟಿಮೀಟರ್ ಮೇಲೆ, ಕೆಳಗೆ ಮಾಡಿ ನೋಡಿ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಹಂತ ಇದು. ಭಾರ ಎಲ್ಲಿದೆ ಅಂತ ಬೋಲ್ಟೇ ಹೇಳುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚುವಾಗಲೂ ಆಕ್ಸೆಲ್ ಕೆಳಗೆ ಆಸರೆ ಇರಲಿ. ಆಕ್ಸೆಲ್ ಜೋತುಬಿದ್ದಾಗ ಅದು ತೀರಾ ಕೆಳಗಿಳಿಯದಂತೆ ಎಷ್ಟೋ ಗಾಡಿಗಳಲ್ಲಿ ಹಿಡಿದಿಡುವುದು ಈ ಶಾಕೇ. ಅದನ್ನು ಬಿಚ್ಚಿದ ತಕ್ಷಣ ಆಕ್ಸೆಲ್ ಇನ್ನಷ್ಟು ಇಳಿದು ಬ್ರೇಕ್ ಹೋಸನ್ನು ಎಳೆಯುತ್ತದೆ. ಹೋಸ್ ಒಳಗೇ ಹರಿದರೆ ಹೊರಗೆ ಕಾಣುವುದೂ ಇಲ್ಲ.

ಮುಂದಿನ ಗಾಲಿಯ ವಿಷಯ ಚಿಕ್ಕದು. ಓಮ್ನಿ, ವಿಂಗರ್ ತರದ ಗಾಡಿಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ, ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆಯಲ್ಲಿರುವ ಭಾಗ. ಅದರೊಳಗಿನ ಕಾಯಿಲ್ ಸ್ಪ್ರಿಂಗ್ ಗಾಡಿ ಎತ್ತಿದರೂ ಒತ್ತಿಕೊಂಡೇ ಇರುತ್ತದೆ. ಮೇಲಿನ ನಡುವಿನ ನಟ್ ಬಿಚ್ಚಬೇಕಾದರೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ರಸ್ತೆ ಬದಿಯಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ.

ನೆಲ

ಸಣ್ಣ ಲೆಕ್ಕ ಮಾಡೋಣ. ಸರಕು ತುಂಬಿದ ಸಣ್ಣ ವ್ಯಾನಿನ ಹಿಂದಿನ ಒಂದು ಮೂಲೆಯಲ್ಲಿ 400 ಕೆಜಿ ಇದೆ ಅಂತಿಟ್ಟುಕೊಳ್ಳಿ. ಬಾಟಲ್ ಜಾಕಿನ ತಳ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ಅಂದರೆ 100 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 4 ಕೆಜಿ ಒತ್ತಡ. ಅದೇ ಜಾಕಿನ ಕೆಳಗೆ 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಹಲಗೆ ಇಟ್ಟರೆ 1200 ಚದರ ಸೆಂ.ಮೀ. ಸಿಗುತ್ತದೆ. ಒತ್ತಡ ಹನ್ನೆರಡನೇ ಒಂದು ಪಾಲಿಗೆ ಇಳಿಯುತ್ತದೆ. ಹಲಗೆ ಬಗ್ಗಬಾರದು, ಬಗ್ಗಿದರೆ ಈ ಲೆಕ್ಕ ಕೆಡುತ್ತದೆ. ಅದಕ್ಕೆ ಐದು ಸೆಂ.ಮೀ. ದಪ್ಪದ ಗಟ್ಟಿ ಮರ ಬೇಕು. ನಮ್ಮ ಕಡೆ ಎತ್ತಿನ ಗಾಡಿ ಚಕ್ರಕ್ಕೆ ಬಳಸುವ ಕರಿಜಾಲಿ ಚೆನ್ನಾಗಿರುತ್ತದೆ. ಮರದ ಡಿಪೋದಲ್ಲಿ ಒಂದು ತುಂಡು ಕೇಳಿ ಇಟ್ಟುಕೊಳ್ಳಿ.

ಮಂಡ್ಯ ಜಿಲ್ಲೆಯ ನೀರಾವರಿ ಕಡೆ ರಸ್ತೆ ಅಂಚಿನ ಮಣ್ಣು ಮೇಲೆ ಒಣಗಿ ಕಂಡರೂ ಒಳಗೆ ತೇವ ಇರುತ್ತದೆ. ಹಿಮ್ಮಡಿಯಲ್ಲಿ ತುಳಿದು ನೋಡಿ. ಗುರುತು ಬಿದ್ದರೆ ಅಲ್ಲಿ ಬೇಡ, ಮೆಲ್ಲಗೆ ಇನ್ನೂ ಸ್ವಲ್ಪ ಮುಂದೆ ಹೋಗಿ. ಬೇಸಿಗೆ ಮಧ್ಯಾಹ್ನ ಡಾಂಬರೂ ಮೆತ್ತಗಾಗುತ್ತದೆ, ಅದರ ಮೇಲೂ ಹಲಗೆ ಬೇಕು.

ಟ್ರಾಲಿ ಜಾಕ್ ಇದ್ದವರು ಇನ್ನೊಂದು ತಿಳಿದಿರಬೇಕು. ಅದರ ತೋಳು ನೇರವಾಗಿ ಏರುವುದಿಲ್ಲ, ಕಮಾನಿನ ಹಾಗೆ ಏರುತ್ತದೆ. ಏರುವಾಗ ಜಾಕ್ ತನ್ನ ಸಣ್ಣ ಚಕ್ರಗಳ ಮೇಲೆ ಸರಿಯಲೇಬೇಕು. ಮಣ್ಣಿನಲ್ಲಿ ಚಕ್ರ ಹೂತರೆ ಜಾಕ್ ಸರಿಯುವುದಿಲ್ಲ, ಗಾಡಿಯನ್ನೇ ಎಳೆಯುತ್ತದೆ, ಇಲ್ಲವೇ ತಲೆಯಿಂದ ಜಾರುತ್ತದೆ. ಗಾಡಿ ಜೊತೆ ಬರುವ ಕತ್ತರಿ ಜಾಕು ಟೈರ್ ಬದಲಿಸುವುದಕ್ಕೆ ಮಾತ್ರ. ಪಕ್ಕದಿಂದ ತಳ್ಳಿದರೆ ಅದು ಮಡಚಿಕೊಳ್ಳುತ್ತದೆ. ಸ್ಪ್ಯಾನರ್ ಎಳೆಯುವಾಗ ನಾವು ಮಾಡುವುದೇ ಪಕ್ಕಕ್ಕೆ ತಳ್ಳುವುದು, ಅಲ್ವಾ?

ಗೇರ್ ಹಾಕಿದ್ದೀನಲ್ಲ ಅಂದರೆ ಸಾಲದು

ಓಮ್ನಿಯಂತೆ ಹಿಂದಿನ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಗಾಡಿಯಲ್ಲಿ ಒಂದು ಹಿಂದಿನ ಗಾಲಿ ಎತ್ತಿದರೆ ಗೇರಿನ ಹಿಡಿತ ನಂಬುವ ಹಾಗಿಲ್ಲ. ಕಾರಣ ಡಿಫರೆನ್ಷಿಯಲ್, ಅಂದರೆ ಎಂಜಿನ್ ಶಕ್ತಿಯನ್ನು ಎರಡೂ ಹಿಂದಿನ ಗಾಲಿಗೆ ಹಂಚುವ ಹಲ್ಲುಚಕ್ರಗಳ ಜೋಡಣೆ. ಗೇರ್ ಹಾಕಿದಾಗ ಅದರ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್ ವೀಲ್, ನಿಂತಿರುತ್ತದೆ. ಆದರೆ ಒಂದು ಗಾಲಿ ಮುಂದಕ್ಕೆ ತಿರುಗಿದಷ್ಟೇ ಇನ್ನೊಂದು ಹಿಂದಕ್ಕೆ ತಿರುಗಲು ಡಿಫರೆನ್ಷಿಯಲ್ ಬಿಡುತ್ತದೆ. ನೆಲದಲ್ಲಿರುವ ಗಾಲಿ ಉರುಳುತ್ತದೆ, ಗಾಳಿಯಲ್ಲಿರುವುದು ಉಲ್ಟಾ ತಿರುಗುತ್ತದೆ, ಗಾಡಿ ಹೊರಟೇಬಿಡುತ್ತದೆ. ವರ್ಕ್‌ಶಾಪಿನಲ್ಲಿ ಎರಡೂ ಹಿಂದಿನ ಗಾಲಿ ಎತ್ತಿ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, ತಟ್ಟನೆ ಅರ್ಥವಾಗುತ್ತದೆ.

ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಕೂಡ ಹಿಂದಿನ ಗಾಲಿಗಳಿಗೇ ಇರುತ್ತದೆ. ಎರಡೂ ಹಿಂದಿನ ಗಾಲಿ ಎತ್ತಿದರೆ ಆ ಗಾಡಿಯನ್ನು ಹಿಡಿಯುವುದು ಮುಂದಿನ ಗಾಲಿಗೆ ಕೊಟ್ಟ ಅಡೆ ಮಾತ್ರ. ಹ್ಯಾಂಡ್‌ಬ್ರೇಕ್, ಗೇರ್ ಎರಡೂ ಹಾಕಿ. ಜೊತೆಗೆ ಮುಂದಿನ ಎರಡು ಗಾಲಿಗೂ ಹಿಂದೆ ಮುಂದೆ ಮರದ ಬೆಣೆ ಒತ್ತಿ ಇಡಿ. ಉರುಟು ಕಲ್ಲು ಇಡಬೇಡಿ, ಗಾಲಿ ಅದರ ಮೇಲೆ ಹತ್ತುತ್ತದೆ, ಇಲ್ಲವೇ ಅದನ್ನೂ ಉರುಳಿಸುತ್ತದೆ. ಇಳಿಜಾರಿನಲ್ಲಿ, ಉದಾಹರಣೆಗೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ, ಈ ಕೆಲಸ ಬೇಡವೇ ಬೇಡ.

ಜಾಕ್ ಎತ್ತುವುದಕ್ಕೆ, ಹಿಡಿಯುವುದಕ್ಕಲ್ಲ

ಬಾಟಲ್ ಜಾಕಿನ ಪಂಪ್ ದಂಡ 1 ಸೆಂ.ಮೀ. ವ್ಯಾಸ, ಎತ್ತುವ ದಂಡ 3 ಸೆಂ.ಮೀ. ವ್ಯಾಸ ಇದ್ದರೆ ವಿಸ್ತೀರ್ಣ 9 ಪಟ್ಟು. ಹಿಡಿಕೆಯಿಂದ ಇನ್ನೊಂದು 15 ಪಟ್ಟು. ಒಟ್ಟು 135 ಪಟ್ಟು. ಉಜ್ಜಾಟ ಬಿಟ್ಟರೆ 400 ಕೆಜಿ ಎತ್ತಲು ಕೈಯಿಂದ ಸುಮಾರು 3 ಕೆಜಿ ಒತ್ತಿದರೆ ಸಾಕು. ಜಾಕಿನೊಳಗಿನ ಎಣ್ಣೆಯಲ್ಲಿ ಒತ್ತಡ ಎಲ್ಲ ಕಡೆ ಒಂದೇ ಅನ್ನುವ ಪ್ಯಾಸ್ಕಲ್ ನಿಯಮ ಎಲ್ಲರಿಗೂ ಬಾಯಿಪಾಠ. ಆದರೆ ಅದರ ಇನ್ನೊಂದು ಮುಖ ಯೋಚಿಸಿ: 3 ಕೆಜಿ ಒತ್ತುತ್ತಿರುವ ಕೈಗೆ ಮೇಲಿರುವ 400 ಕೆಜಿಯ ಅರಿವೇ ಆಗುವುದಿಲ್ಲ. ಆ ಭಾರವನ್ನು ತಡೆದಿರುವುದು ಒಂದು ಸೀಲ್, ಒಂದು ಸಣ್ಣ ಗುಂಡಿನ ವಾಲ್ವ್. ಸೀಲ್ ಸೋರಿದರೆ ಗಾಡಿ ಸದ್ದಿಲ್ಲದೆ ಇಳಿಯುತ್ತದೆ.

ಹಾಗಾಗಿ ಎತ್ತಿದ ಕೂಡಲೇ ಚಾನೆಲ್ ಕೆಳಗೆ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು) ಇಟ್ಟು, ಜಾಕ್ ಇಳಿಸಿ, ಭಾರವನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಸ್ಟ್ಯಾಂಡಿನ ಕೆಳಗೂ ಹಲಗೆ. ಸ್ಟ್ಯಾಂಡ್ ಇಲ್ಲದಿದ್ದರೆ ಚಚ್ಚೌಕ ಮರದ ತುಂಡುಗಳನ್ನು ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಜೋಡಿಸಿ. ಇಟ್ಟಿಗೆ ಬೇಡ, ಸಿಮೆಂಟ್ ಹಾಲೋ ಬ್ಲಾಕ್ ಅಂತೂ ಖಂಡಿತ ಬೇಡ. ಮರ ಸೋಲುವ ಮುಂಚೆ ಜಜ್ಜಿಕೊಳ್ಳುತ್ತದೆ, ಚಟಚಟ ಅನ್ನುತ್ತದೆ, ನಮಗೆ ಎದ್ದು ಬರಲು ಸಮಯ ಕೊಡುತ್ತದೆ. ಬ್ಲಾಕ್ ಏನೂ ಹೇಳದೆ ಪುಡಿಯಾಗುತ್ತದೆ.

ಸ್ಟೆಪ್ನಿಯನ್ನು ಮಲಗಿಸಿ ಗಾಡಿ ಕೆಳಗೆ ತಳ್ಳುವುದು ಒಳ್ಳೆಯ ಅಭ್ಯಾಸ. ಆದರೆ ಅದನ್ನೊಂದನ್ನೇ ನಂಬಬೇಡಿ. ಓಮ್ನಿಯ 145 ಆರ್ 12 ಟೈರಿನಲ್ಲಿ 145 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಮಲಗಿಸಿದರೆ ಸಿಗುವುದು ಹದಿನಾಲ್ಕೂವರೆ ಸೆಂ.ಮೀ. ಎತ್ತರ. ನಿಮ್ಮ ಎದೆಯ ದಪ್ಪ ಗೋಡೆಗೆ ಒರಗಿ ಅಳೆದು ನೋಡಿ, ಅದಕ್ಕಿಂತ ಜಾಸ್ತಿ ಇರುತ್ತದೆ. ಅದರ ಮೇಲೆ ಎರಡು ಮರದ ತುಂಡು ಸೇರಿಸಿದರೆ ಮಾತ್ರ ಅದು ಕಾಪಾಡುತ್ತದೆ.

ಕೆಳಗೆ ಹೋಗುವ ಮುಂಚೆ ಹೊರಗೆ ನಿಂತು ಬಾಡಿಯನ್ನು ಎರಡೂ ಕೈಯಲ್ಲಿ ತಳ್ಳಿ ನೋಡಿ. ಬೀಳುವುದಿದ್ದರೆ ಆಗಲೇ ಬೀಳಲಿ. ಎತ್ತುವ ಮುಂಚೆಯೇ ಜನ ಇಳಿದಿರಬೇಕು, ಸಾಧ್ಯವಾದಷ್ಟು ಸರಕನ್ನೂ ಇಳಿಸಿರಬೇಕು. ಅವತ್ತು ನಾನು ಬೆಲ್ಲದ ಮೂಟೆಗಳನ್ನು ಹಾಗೇ ಬಿಟ್ಟಿದ್ದೆ.

ಹೆದ್ದಾರಿಯಲ್ಲಿ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಈ ಕೆಲಸ ಮಾಡಬೇಡಿ. 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. ಮದ್ದೂರಿನ ಹತ್ತಿರವಾಗಲಿ ಶ್ರೀರಂಗಪಟ್ಟಣದ ಹತ್ತಿರವಾಗಲಿ, ಗಾಡಿ ಓಡುವ ಹಾಗಿದ್ದರೆ ಮೆಲ್ಲಗೆ ಹೊರಗೆ ಹೋಗುವ ದಾರಿ ಹಿಡಿದು ಸರ್ವೀಸ್ ರಸ್ತೆಗೆ ಬನ್ನಿ. ಓಡದಿದ್ದರೆ ಎರಡೂ ಬದಿಯ ಇಂಡಿಕೇಟರ್ ದೀಪ ಹಾಕಿ, ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆ ಇಟ್ಟು, ಎಲ್ಲರೂ ಬೇಲಿಯ ಆಚೆ ನಿಂತು 1033ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ.

ಸಣ್ಣ ರಸ್ತೆಯಲ್ಲೂ ವಾಹನ ಓಡಾಡುವ ಬದಿಯ ಗಾಲಿ ಕೆಟ್ಟಿದ್ದರೆ ಅಲ್ಲಿ ಮಂಡಿಯೂರಬೇಡಿ. ಮುಖ್ಯ ಪ್ಲೇಟ್, ಅಂದರೆ ಎರಡು ತುದಿಯಲ್ಲೂ ಕಣ್ಣು ಇರುವ ಮೇಲಿನ ಪ್ಲೇಟ್, ಮುರಿದಿದ್ದರೆ ರಿಪೇರಿ ಯೋಚನೆ ಬಿಟ್ಟು ಟೋಯಿಂಗ್ ಗಾಡಿ ಕರೆಸಿ. ಆಕ್ಸೆಲ್ ಅನ್ನು ಅದರ ಜಾಗದಲ್ಲಿ ಹಿಡಿದಿರುವುದೇ ಆ ಪ್ಲೇಟ್.

ಬಿಗಿ ಮಾಡುವುದು

ಬುಶ್ ಹಾಕಿ, ಬೋಲ್ಟ್ ಕೂರಿಸಿ, ನಟ್ ಹತ್ತಿಸಿದ್ದಾಯಿತು. ಅಲ್ಲೇ ಪೂರ್ತಿ ಬಿಗಿ ಮಾಡಬೇಡಿ. ರಬ್ಬರ್ ಬುಶ್ ಬೋಲ್ಟಿನ ಸುತ್ತ ಜಾರುವುದಿಲ್ಲ, ತಿರುಚಿಕೊಂಡು ಕೆಲಸ ಮಾಡುತ್ತದೆ. ಸ್ಪ್ರಿಂಗ್ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿ ಮಾಡಿದರೆ, ಗಾಡಿ ನೆಲಕ್ಕೆ ಕೂತಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಟ್ಯಾಂಡ್ ತೆಗೆದು, ಜಾಕಿನ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ಗಾಡಿಯನ್ನು ಗಾಲಿ ಮೇಲೆ ಕೂರಿಸಿ. ಮುಂದೆ ಹಿಂದೆ ಒಂದು ಸಲ ಅಲುಗಾಡಿಸಿ. ಆಮೇಲೆ ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುವ ಬಿಗಿತಕ್ಕೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಗಾಲಿಯ ನಟ್ ಕೂಡ ಹಾಗೇ, ಎದುರು ಬದುರಾಗಿ.

ಯು ಬೋಲ್ಟ್ ಬಿಚ್ಚಿದ್ದರೆ ಹಳೆಯದನ್ನೇ ಮತ್ತೆ ಹಾಕಬೇಡಿ, ಅದು ಒಮ್ಮೆ ಎಳೆದುಕೊಂಡಿರುತ್ತದೆ. ಹೊಸದು ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ನೋಡಿ, ಪ್ಲೇಟ್‌ಗಳು ಒತ್ತಿಕೊಂಡು ಬಿಗಿ ಕಡಿಮೆಯಾಗಿರುತ್ತದೆ. ಮಾವನ ಗಾಡಿಗೆ ಮುಂದಿನ ಭಾನುವಾರ ಗ್ಯಾರೇಜಿನಲ್ಲಿ ಎರಡು ಜಾಕ್ ಇಟ್ಟು ಬುಶ್ ಹಾಕಿದೆವು. ಶ್ಯಾಕಲ್ ಬೋಲ್ಟ್ ಎರಡು ಬೆರಳಲ್ಲಿ ಹೊರಗೆ ಬಂತು.